ಪ್ರಜ್ಞೆ ಇಲ್ಲದವರ ಬಾಯಿ ಶುಚಿ: ಬ್ರಶ್ಶೋ, ಗಾಜ್ ಬಟ್ಟೆಯೋ, ಮೌತ್‌ವಾಶೋ?

ಮನೆಯಲ್ಲಿ ಪ್ರಜ್ಞೆ ಇಲ್ಲದ ಒಬ್ಬರು ಮಲಗಿದ್ದಾರೆ ಅಂದರೆ ಎಲ್ಲರ ಗಮನ ರೈಲ್ಸ್ ಟ್ಯೂಬಿನ (ಮೂಗಿನಿಂದ ಹೊಟ್ಟೆಗೆ ಇಳಿಸಿದ ನಳಿಗೆ) ಊಟ, ಮೂತ್ರದ ಚೀಲ, ಬೆನ್ನಿನ ಹುಣ್ಣು ಇಷ್ಟರ ಮೇಲೇ ಇರುತ್ತದೆ. ಬಾಯಿ ನೆನಪಾಗುವುದು ವಾಸನೆ ಬಂದ ಮೇಲೆ. "ಬಾಯಲ್ಲಿ ಊಟವೇ ಹೋಗ್ತಾ ಇಲ್ಲ, ಮತ್ತೆ ತೊಳೆಯುವುದು ಏನನ್ನು?" ಎಂದು ಕೇಳುವವರು ತುಂಬಾ ಜನ. ನಿಜ ಹೇಳಬೇಕೆಂದರೆ ಬಾಯಿಂದ ಊಟ ನಿಂತಾಗಲೇ ಬಾಯಿ ಜಾಸ್ತಿ ಕೊಳೆಯಾಗುತ್ತದೆ. ಜಗಿಯುವುದಿಲ್ಲ, ನಾಲಿಗೆ ಆಡುವುದಿಲ್ಲ, ಎಂಜಲು ಕಡಿಮೆಯಾಗುತ್ತದೆ. ಬಾಯಿ ತೆರೆದೇ ಉಸಿರಾಡುವುದರಿಂದ ಒಳಗೆಲ್ಲ ಒಣಗುತ್ತದೆ. ಹಲ್ಲಿನ ಮೇಲೆ ಕಟ್ಟಿದ ಪಾಚಿಯಲ್ಲಿ ರೋಗಾಣು ಬೆಳೆಯುತ್ತವೆ.

ಆ ಪಾಚಿ ಬಾಯಲ್ಲೇ ಇದ್ದರೆ ಇಷ್ಟು ಹೆದರಬೇಕಾಗಿರಲಿಲ್ಲ. ಪ್ರಜ್ಞೆ ಇಲ್ಲದವರಿಗೆ ನುಂಗುವ, ಕೆಮ್ಮುವ ಶಕ್ತಿ ಕುಂದಿರುತ್ತದೆ. ನಮಗೆ ಒಂದು ಹನಿ ನೀರು ತಪ್ಪಿ ಶ್ವಾಸನಾಳಕ್ಕೆ ಹೋದರೆ ಜೋರಾಗಿ ಕೆಮ್ಮು ಬಂದು ಹೊರಗೆ ಹಾಕುತ್ತದೆ. ಅವರಿಗೆ ಆ ಕೆಮ್ಮು ಬರುವುದಿಲ್ಲ. ಬಾಯಿಯ ಕೊಳೆ ಎಂಜಲಿನ ಜೊತೆ ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಬಾಯಿ ತೊಳೆಯಲು ನಾವು ಹಾಕಿದ ನೀರೂ ಹಾಗೇ ಇಳಿಯಬಹುದು. ಹಾಗಾಗಿ ಬ್ರಶ್ ಇರಲಿ, ದ್ರಾವಣ ಇರಲಿ, ಮಷಿನ್ ಇರಲಿ, ನಾನು ಎಲ್ಲವನ್ನೂ ಒಂದೇ ಪ್ರಶ್ನೆಯಿಂದ ಅಳೆಯುತ್ತೇನೆ: ಇದು ಕೊಳೆಯನ್ನು ಹೊರಗೆ ತೆಗೆಯುತ್ತದೋ, ಒಳಗೆ ತಳ್ಳುತ್ತದೋ?

ಶಿರಸಿ, ಕುಮಟಾ ಭಾಗದ ಮನೆಗಳಿಗೆ ಹೋಗಿ ಹಾಸಿಗೆ ಹಿಡಿದವರ ಆರೈಕೆ ಮಾಡುವುದು ನನ್ನ ಕೆಲಸ. ನಮ್ಮ ಜಿಲ್ಲೆಯಲ್ಲಿ ಲಕ್ವ ಹೊಡೆದರೆ, ಹೆದ್ದಾರಿಯಲ್ಲಿ ಬಿದ್ದು ತಲೆಗೆ ಪೆಟ್ಟಾದರೆ ಘಟ್ಟದ ಮೇಲಿನವರು ಹೆಚ್ಚಾಗಿ ಹುಬ್ಬಳ್ಳಿಗೆ, ಕೆಳಗಿನವರು ಮಣಿಪಾಲಕ್ಕೋ ಮಂಗಳೂರಿಗೋ ಓಡುತ್ತಾರೆ. ಅಲ್ಲಿ ಐಸಿಯು, ಎಂಜಲು ಕಫ ಎಳೆದು ತೆಗೆಯುವ ಸಕ್ಷನ್ ಮಷಿನ್, ಪಾಳಿಯ ಪ್ರಕಾರ ಸಿಸ್ಟರ್‌ಗಳು ಎಲ್ಲ ಇರುತ್ತಾರೆ. ಆಮೇಲೆ ಒಂದು ದಿನ "ಮನೆಗೆ ಕರೆದುಕೊಂಡು ಹೋಗಿ ನೋಡಿಕೊಳ್ಳಿ" ಎನ್ನುತ್ತಾರೆ. ಸೊಸೆಯೋ ಮಗಳೋ ಒಬ್ಬಳೇ ಟಾರ್ಚ್ ಹಿಡಿದು ಆ ಬಾಯಿ ನೋಡಬೇಕಾಗುತ್ತದೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಯಾವುದರಿಂದ ಉಜ್ಜುವುದು?

ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಮೂರು: ಟೂತ್‌ಬ್ರಶ್, ಗಾಜ್ ಬಟ್ಟೆ (ಗಾಯಕ್ಕೆ ಕಟ್ಟುವ ತೆಳು ಬಟ್ಟೆ), ತುದಿಗೆ ಸ್ಪಂಜ್ ಇರುವ ಕಡ್ಡಿ. ಹಲ್ಲು ಇರುವವರಿಗೆ ಬ್ರಶ್ಶೇ ಬೇಕು. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಹಲ್ಲಿನ ಬುಡದಲ್ಲಿ, ಎರಡು ಹಲ್ಲಿನ ಸಂದಿಯಲ್ಲಿ ಅಂಟಿಕೊಂಡ ಪಾಚಿ ಒರೆಸಿದರೆ ಹೋಗುವುದಿಲ್ಲ, ಉಜ್ಜಿದರೇ ಹೋಗುವುದು. 2023ರಲ್ಲಿ ಅಮೆರಿಕದ 'ಜಾಮಾ ಇಂಟರ್ನಲ್ ಮೆಡಿಸಿನ್' ಪತ್ರಿಕೆಯಲ್ಲಿ 15 ಪ್ರಯೋಗಗಳನ್ನು ಒಟ್ಟಿಗೆ ಸೇರಿಸಿ ನೋಡಿದ ಅಧ್ಯಯನ ಬಂತು. ಆಸ್ಪತ್ರೆಯಲ್ಲಿರುವವರಿಗೆ ದಿನಾ ಹಲ್ಲುಜ್ಜಿದರೆ ಅಲ್ಲಿ ಬರುವ ನ್ಯುಮೋನಿಯಾ ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ ಎಂದು ಅದರಲ್ಲಿ ಕಂಡಿತು. ವೆಂಟಿಲೇಟರ್ ಮೇಲಿದ್ದವರಿಗೆ ಲಾಭ ಸ್ಪಷ್ಟವಾಗಿತ್ತು. ದಿನಕ್ಕೆ ಎರಡು ಸಲ ಉಜ್ಜುವುದಕ್ಕೂ ಮೂರು ಸಲ ಉಜ್ಜುವುದಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಮನೆಯಲ್ಲಿ ಒಬ್ಬರೇ ನೋಡಿಕೊಳ್ಳುವವರಿಗೆ ಇದು ಸಮಾಧಾನದ ಮಾತು ಅಲ್ವಾ? ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ ಸರಿಯಾಗಿ ಉಜ್ಜಿದರೆ ಸಾಕು.

ಬ್ರಶ್ ಚಿಕ್ಕ ಮಕ್ಕಳದ್ದು ತನ್ನಿ. ತಲೆ ಸಣ್ಣದು, ಕೂದಲು ಮೆತ್ತಗೆ ಇರಬೇಕು. ದೊಡ್ಡವರ ಬ್ರಶ್ ಹಿಂದಿನ ದವಡೆ ಹಲ್ಲಿನವರೆಗೆ ಹೋಗುವುದಿಲ್ಲ, ಹೋದರೆ ಗಂಟಲಿಗೆ ತಾಗಿ ವಾಂತಿ ಬರಿಸುತ್ತದೆ. ಪೇಸ್ಟ್ ಬೇಡ. ನೊರೆ ಬರುವ ಪೇಸ್ಟ್ ಹಾಕಿದರೆ ಆ ನೊರೆಯನ್ನು ಉಗುಳುವವರು ಯಾರು? ದಂತವೈದ್ಯರು ಹೇಳಿದ್ದರೆ ನೊರೆ ಬಾರದ ಪೇಸ್ಟನ್ನು ಅಕ್ಕಿಕಾಳಿನಷ್ಟು ಸವರಿ, ಅಷ್ಟೇ. ಬ್ರಶ್ಶನ್ನು ನೀರಲ್ಲಿ ಅದ್ದಿ, ಬಟ್ಟಲಿನ ಅಂಚಿಗೆ ಒತ್ತಿ, ನೀರು ತೊಟ್ಟಿಕ್ಕದಂತೆ ಕೊಡವಿ. ಕೂದಲಿನ ತುದಿ ಹಲ್ಲು ಮತ್ತು ಒಸಡು ಸೇರುವಲ್ಲಿ ತಾಗುವ ಹಾಗೆ ಓರೆಯಾಗಿ ಹಿಡಿಯಿರಿ. ಎರಡು ಮೂರು ಹಲ್ಲು ಉಜ್ಜಿ, ಹೊರಗೆ ತೆಗೆದು ತೊಳೆದು, ಮತ್ತೆ ಒತ್ತಿ, ಮುಂದಿನ ಹಲ್ಲು. ಮೊದಲ ಕೆಲವು ದಿನ ಒಸಡಿನಿಂದ ಸ್ವಲ್ಪ ರಕ್ತ ಬಂದರೆ ಬ್ರಶ್ ನಿಲ್ಲಿಸಬೇಡಿ, ಮೆತ್ತಗೆ ಮಾಡಿ. ಆದರೆ ರಕ್ತ ತೆಳು ಮಾಡುವ ಮಾತ್ರೆ ಇದ್ದು ರಕ್ತ ನಿಲ್ಲದಿದ್ದರೆ ಡಾಕ್ಟರಿಗೆ ಹೇಳಲೇಬೇಕು.

ಗಾಜ್ ಬಟ್ಟೆಗೂ ಕೆಲಸ ಇದೆ. ನಾಲಿಗೆ, ಕೆನ್ನೆಯ ಒಳಭಾಗ, ಅಂಗಳ (ಬಾಯಿಯ ಒಳಗಿನ ಮೇಲ್ಭಾಗ), ಹಲ್ಲಿಲ್ಲದ ಒಸಡು ಒರೆಸಲು ಅದೇ ಒಳ್ಳೆಯದು. ಬೆರಳಿಗೆ ಸುತ್ತಿಕೊಂಡು ಒರೆಸುವ ರೂಢಿ ಮಾತ್ರ ಬಿಡಿ. ಪ್ರಜ್ಞೆ ಇಲ್ಲದವರೂ ಬಾಯೊಳಗೆ ಏನಾದರೂ ತಾಗಿದರೆ ಗಟ್ಟಿಯಾಗಿ ಕಚ್ಚುತ್ತಾರೆ. ಅದು ಅವರ ಕೈಯಲ್ಲಿಲ್ಲ. ಆರ್ಟರಿ ಫೋರ್ಸೆಪ್ಸ್ ಎನ್ನುವ ಚಿಮಟ ಮೆಡಿಕಲ್‌ನಲ್ಲಿ ಸಿಗುತ್ತದೆ. ಅದರ ತುದಿ ಕಾಣದಂತೆ ಗಾಜ್ ಸುತ್ತಿ, ಹಿಡಿಯನ್ನು ಲಾಕ್ ಮಾಡಿಕೊಳ್ಳಿ. ಎಷ್ಟು ತುಂಡು ತೆಗೆದುಕೊಂಡಿರೋ ಅಷ್ಟೂ ಹೊರಗೆ ಬಂತಾ ಎಂದು ಕೊನೆಗೆ ಎಣಿಸಿ. ಹತ್ತಿ ಬೇಡ. ಎಳೆ ಕಿತ್ತು ಬಾಯಲ್ಲೇ ಉಳಿಯುತ್ತದೆ.

ಸ್ಪಂಜ್ ಕಡ್ಡಿ ನೋಡಲು ಚಂದ, ಬಳಸಲೂ ಸುಲಭ. ಬಾಯಿ ಒದ್ದೆ ಮಾಡಲು ಆಗುತ್ತದೆ, ಪಾಚಿ ತೆಗೆಯಲು ಆಗುವುದಿಲ್ಲ. ಕಚ್ಚಿದಾಗ ಸ್ಪಂಜ್ ಕಿತ್ತು ಗಂಟಲಿಗೆ ಹೋಗುವ ಅಪಾಯವೂ ಇದೆ. ಈ ಬಗ್ಗೆ ಬ್ರಿಟನ್ನಿನ ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ 2012ರಲ್ಲೇ ಎಚ್ಚರಿಕೆ ಕೊಟ್ಟಿತ್ತು. ಕಚ್ಚುವ ಅಭ್ಯಾಸ ಇರುವ ರೋಗಿಗೆ ನಾನಂತೂ ಇದನ್ನು ಮುಟ್ಟುವುದಿಲ್ಲ.

ಸಿದ್ದಾಪುರ ರಸ್ತೆಯ ಒಂದು ಮನೆಯಲ್ಲಿ ಕಂಡದ್ದು ಹೇಳುತ್ತೇನೆ. ಅಜ್ಜನನ್ನು ಸೊಸೆ ಬಹಳ ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದಳು. ಬೆನ್ನಿನಲ್ಲಿ ಒಂದು ಕೆಂಪು ಕಲೆಯೂ ಇರಲಿಲ್ಲ. ದಿನಾ ಮೌತ್‌ವಾಶಿನಲ್ಲಿ ಬಟ್ಟೆ ಅದ್ದಿ ಬಾಯಿ ಒರೆಸುತ್ತಿದ್ದಳು. ನಾಲಿಗೆ ಸ್ವಚ್ಛವಾಗಿತ್ತು. ಟಾರ್ಚ್ ಬಿಟ್ಟು ಅಂಗಳ ನೋಡಿದರೆ ಕಂದು ಬಣ್ಣದ ಹಕ್ಕಳೆ, ಒಣಗಿದ ಹಲಸಿನ ಮೇಣದ ಹಾಗೆ ಅಂಟಿಕೊಂಡಿತ್ತು. ಕಿತ್ತರೆ ಚರ್ಮವೇ ಬರುತ್ತದೆ. ಉಗುರು ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಗಾಜ್ ಬಟ್ಟೆಯನ್ನು ಚಿಮಟದಲ್ಲೇ ಹಿಡಿದು ಅದಕ್ಕೆ ತಾಗಿಸಿದೆ. ಸ್ವಲ್ಪ ಹೊತ್ತಿಗೆ ತೆಗೆದು ಮತ್ತೆ ಒದ್ದೆ ಮಾಡಿ ತಾಗಿಸಿದೆ. ನಿಧಾನಕ್ಕೆ ಅಂಚು ಮೆತ್ತಗಾಗಿ ಎದ್ದಿತು. ಗಂಟಲಿನ ಕಡೆಯಿಂದ ತುಟಿಯ ಕಡೆಗೆ ಸುತ್ತುತ್ತಾ ಬಂದಾಗ ಒಂದೇ ಹಾಳೆಯಾಗಿ ಹೊರಗೆ ಬಂತು. "ಇಷ್ಟು ದಿನ ಇದು ಇಲ್ಲೇ ಇತ್ತಾ ಸಿಸ್ಟರ್?" ಎಂದು ಅವಳು ಕಣ್ಣು ತುಂಬಿಕೊಂಡಳು. ಅವಳ ಆರೈಕೆಯಲ್ಲಿ ಕೊರತೆ ಇರಲಿಲ್ಲ. ಅಂಗಳ ನೋಡಬೇಕು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಡಿಸ್ಚಾರ್ಜ್ ಆಗುವಾಗ ವಾರ್ಡಿನ ಸಿಸ್ಟರ್ ಹತ್ತಿರ "ಒಂದು ಸಲ ನನ್ನ ಕೈಯಲ್ಲೇ ಮಾಡಿಸಿ ತೋರಿಸಿ" ಎಂದು ಕೇಳಿ. ಸಂಕೋಚ ಬೇಡ.

ಯಾವ ನೀರು, ಯಾವ ದ್ರಾವಣ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ನನ್ನ ಪ್ರಕಾರ ಕಡಿಮೆ ಮುಖ್ಯವಾದ ಪ್ರಶ್ನೆಯೂ ಇದೇ. ಕೊಳೆ ಬಿಡಿಸುವುದು ಬ್ರಶ್. ದ್ರಾವಣ ಅದಕ್ಕೆ ಒತ್ತಾಸೆ ಅಷ್ಟೇ.

ಕುದಿಸಿ ಆರಿಸಿದ ನೀರು ಹೆಚ್ಚಿನವರಿಗೆ ಸಾಕು. ಬಾವಿ ನೀರು ಎಷ್ಟೇ ತಿಳಿ ಇದ್ದರೂ ಕುದಿಸಿಯೇ ಬಳಸಿ. ಮಳೆಗಾಲದಲ್ಲಂತೂ ಇದು ತಪ್ಪಬಾರದು. ನೀರನ್ನು ದಿನಾ ಹೊಸದಾಗಿ ಮಾಡಿಕೊಳ್ಳಿ. ಸಲೈನ್, ಅಂದರೆ 0.9% ಉಪ್ಪಿನ ಎನ್‌ಎಸ್ ಬಾಟಲಿ, ಬಾಯಲ್ಲಿ ಹುಣ್ಣಿದ್ದವರಿಗೆ ಹಿತ. ಉರಿ ಆಗುವುದಿಲ್ಲ. ಮನೆಯಲ್ಲೇ ಮಾಡುವುದಾದರೆ ಒಂದು ಲೋಟ ನೀರಿಗೆ ಅರ್ಧ ಸಣ್ಣ ಚಮಚಕ್ಕಿಂತ ಕಡಿಮೆ ಉಪ್ಪು. ಜಾಸ್ತಿ ಹಾಕಿದರೆ ಬಾಯಿ ಇನ್ನೂ ಒಣಗುತ್ತದೆ. ದಪ್ಪ ಕಫ, ಹಕ್ಕಳೆ ಕಟ್ಟಿದ್ದರೆ ಅಡಿಗೆ ಸೋಡಾ ಉಪಯೋಗಕ್ಕೆ ಬರುತ್ತದೆ. ಅರ್ಧ ಲೀಟರ್ ನೀರಿಗೆ ಒಂದು ಸಣ್ಣ ಚಮಚ. ಸೋಡಾ ಜಾಸ್ತಿಯಾದರೆ ಒಳಚರ್ಮ ಕೆಂಪಾಗುತ್ತದೆ.

ಇನ್ನು ಕ್ಲೋರ್‌ಹೆಕ್ಸಿಡಿನ್. ಇದು ರೋಗಾಣು ಕೊಲ್ಲುವ ಮೌತ್‌ವಾಶ್. ಗುಲಾಬಿ ಬಣ್ಣದ್ದೋ, ಬಣ್ಣವಿಲ್ಲದ್ದೋ, ಡಿಸ್ಚಾರ್ಜ್ ಚೀಟಿಯಲ್ಲಿ ಇದು ಇದ್ದೇ ಇರುತ್ತದೆ. ಐಸಿಯುಗಳಲ್ಲಿ ವರ್ಷಗಟ್ಟಲೆ ಇದನ್ನೇ ಬಾಯಿಗೆ ಹಚ್ಚುತ್ತಿದ್ದರು. ಈಗ ಮಾತು ಬದಲಾಗಿದೆ. ವೆಂಟಿಲೇಟರ್ ರೋಗಿಗಳಿಗೆ ನ್ಯುಮೋನಿಯಾ ತಡೆಯಲು ಬ್ರಶ್ ಮಾಡಿ, ಆದರೆ ಕ್ಲೋರ್‌ಹೆಕ್ಸಿಡಿನ್ ಇಲ್ಲದೆ ಮಾಡಿ ಎಂದು ಅಮೆರಿಕದ ಸೋಂಕು ತಡೆ ತಜ್ಞರ ಸಂಘಗಳು 2022ರಲ್ಲಿ ಹೇಳಿವೆ. ಅದರಿಂದ ನ್ಯುಮೋನಿಯಾ ಕಡಿಮೆಯಾಗುತ್ತದೆ ಎನ್ನುವುದು ಗಟ್ಟಿಯಾಗಲಿಲ್ಲ. ಕೆಲವು ಅಧ್ಯಯನಗಳಲ್ಲಿ ಸಾವು ಜಾಸ್ತಿ ಇರಬಹುದೆಂಬ ಆತಂಕವೂ ಕಂಡಿತ್ತು. ಹಾಗೆಂದು ಚೀಟಿಯಲ್ಲಿ ಬರೆದದ್ದನ್ನು ನೀವೇ ನಿಲ್ಲಿಸಬೇಡಿ. ಒಸಡಿನ ತೊಂದರೆಗೆ ಬರೆದಿರಬಹುದು. "ಇದು ಎಷ್ಟು ದಿನ ಬೇಕು ಡಾಕ್ಟ್ರೇ?" ಎಂದು ಕೇಳಿ. ಬಳಸುವುದಾದರೆ ಗಾಜ್ ಬಟ್ಟೆಗೆ ಹಚ್ಚಿ, ಹಿಂಡಿ, ಸವರಿ. ಮುಚ್ಚಳದಿಂದ ಬಾಯಿಗೆ ಸುರಿಯಬೇಡಿ. ಪೇಸ್ಟ್ ಹಾಕಿ ಉಜ್ಜಿದ ಕೂಡಲೇ ಹಚ್ಚಿದರೆ ಅದರ ಶಕ್ತಿ ಕುಂದುತ್ತದೆ, ಅರ್ಧ ಗಂಟೆ ಬಿಡಿ. ಬಹಳ ದಿನ ಬಳಸಿದರೆ ಹಲ್ಲು ಕಂದಾಗುತ್ತದೆ. ಕ್ಲೋರ್‌ಹೆಕ್ಸಿಡಿನ್ ಹಚ್ಚಿದೆವು ಎಂದು ಬ್ರಶ್ ಬಿಡುವುದಂತೂ ಆಗಲೇಬಾರದು.

ಬೋರೋಗ್ಲಿಸರಿನ್, ಗ್ಲಿಸರಿನ್‌ಗೆ ಲಿಂಬೆರಸ ಬೆರೆಸಿದ್ದು, ಇವೆರಡೂ ಹಳೆಯ ರೂಢಿ. ಹಚ್ಚಿದಾಗ ಬಾಯಿ ಹೊಳೆಯುತ್ತದೆ. ಆಮೇಲೆ ಗ್ಲಿಸರಿನ್ ನೀರನ್ನೇ ಎಳೆದುಕೊಂಡು ಇನ್ನಷ್ಟು ಒಣಗಿಸುತ್ತದೆ. ಲಿಂಬೆಯ ಹುಳಿ ಹಲ್ಲನ್ನು ತಿನ್ನುತ್ತದೆ. ಬೋರೋಗ್ಲಿಸರಿನ್‌ನಲ್ಲಿರುವ ಬೋರಾಕ್ಸ್ ಹೊಟ್ಟೆಗೆ ಹೋಗಬಾರದ ವಸ್ತು, ಉಗುಳಲು ಬಾರದವರ ಬಾಯಿಗೆ ಅದೇಕೆ? ಹೈಡ್ರೋಜನ್ ಪೆರಾಕ್ಸೈಡ್ ಕೂಡ ಮನೆಯಲ್ಲಿ ಬೇಡ.

ಹೇಗೆ ಮಲಗಿಸುವುದು?

ಅಂಗಾತ ಮಲಗಿಸಿ ಬಾಯಿ ತೊಳೆಯುವುದು ಎಲ್ಲಕ್ಕಿಂತ ಅಪಾಯ. ಉಳಿದದ್ದು ಎರಡು ದಾರಿ. ಮನೆಯಲ್ಲಿ ಸಕ್ಷನ್ ಇಲ್ಲದಿದ್ದರೆ ಪೂರ್ತಿ ಒಂದು ಮಗ್ಗುಲಿಗೆ ತಿರುಗಿಸಿ, ಬೆನ್ನಿಗೆ ದಿಂಬು ಕೊಟ್ಟು, ಮುಖ ಸ್ವಲ್ಪ ಕೆಳಕ್ಕೆ ಬಾಗಿಸಿ. ಬಾಯಿಯ ಕೆಳಗಿನ ಮೂಲೆಯೇ ಎಲ್ಲಕ್ಕಿಂತ ತಗ್ಗಿನಲ್ಲಿರಬೇಕು. ಅಲ್ಲಿ ಟವೆಲ್ ಮೇಲೆ ಕಿಡ್ನಿ ಟ್ರೇ (ಬಾಗಿದ ಸಣ್ಣ ತಟ್ಟೆ) ಇಟ್ಟರೆ ಎಂಜಲು ತಾನಾಗಿ ಇಳಿದು ಬರುತ್ತದೆ. ಲಕ್ವ ಹೊಡೆದ ಕೈ ಮೈಯಡಿಗೆ ಸಿಕ್ಕಿಕೊಂಡಿದೆಯಾ ನೋಡಿ.

ಸಕ್ಷನ್ ಇದ್ದರೆ, ಅಥವಾ ಮಗ್ಗುಲಿಗೆ ತಿರುಗಿಸಲು ಆಗದಿದ್ದರೆ, ತಲೆಯ ಕಡೆ 30ರಿಂದ 45 ಡಿಗ್ರಿ ಏರಿಸಿ ಮುಖವನ್ನು ಒಂದು ಬದಿಗೆ ಹೊರಳಿಸಿ. ಕುತ್ತಿಗೆಗೆ ಪೆಟ್ಟಾದವರಿಗೆ, ತಲೆಯ ಆಪರೇಷನ್ ಆದವರಿಗೆ ಯಾವ ರೀತಿ ಎಂದು ಡಾಕ್ಟರೇ ಹೇಳಬೇಕು. ಟ್ಯೂಬಿನಲ್ಲಿ ಊಟ ಕೊಡುವ ಮೊದಲೇ ಬಾಯಿ ಕೆಲಸ ಮುಗಿಸಿಕೊಳ್ಳಿ. ಊಟ ಕೊಟ್ಟಾಗಿದ್ದರೆ ಒಂದು ಗಂಟೆಯಾದರೂ ಕಾಯಿರಿ.

ಸಕ್ಷನ್ ಬೇಕೇ? ಯಾವುದು?

ಬಾಯಲ್ಲಿ ಎಂಜಲು ತುಂಬಿ ಗೊರಗೊರ ಸದ್ದು ಬರುವವರಿಗೆ, ಕುತ್ತಿಗೆಯಲ್ಲಿ ಟ್ರೇಕಿಯಾಸ್ಟಮಿ (ಉಸಿರಾಡಲು ಮಾಡಿದ ರಂಧ್ರ) ಆದವರಿಗೆ ಬೇಕೇ ಬೇಕು. ಕರೆಂಟಿನ ಮಷಿನ್ ಚೆನ್ನಾಗಿ ಎಳೆಯುತ್ತದೆ. ಆದರೆ ನಮ್ಮ ಕಡೆ ಜೂನ್ ಬಂದರೆ ಮರ ಬಿದ್ದು ಕರೆಂಟು ಹೋಗುವುದು, ಎರಡು ದಿನ ಬಾರದೇ ಇರುವುದು ಹೊಸದೇನಲ್ಲ. ಯಲ್ಲಾಪುರ, ಸಿದ್ದಾಪುರದ ಒಳಗಿನ ಊರುಗಳವರಿಗೆ ನಾನು ಹೇಳುವುದು ಒಂದೇ: ಬ್ಯಾಟರಿ ಇರುವ ಮಷಿನ್ ತೆಗೆದುಕೊಳ್ಳಿ, ಇಲ್ಲವೇ ಕಾಲಲ್ಲಿ ಒತ್ತುವ ಸಕ್ಷನ್ ಒಂದನ್ನು ಜೊತೆಗೆ ಇಟ್ಟುಕೊಳ್ಳಿ. ಕಾಲಿನದ್ದು ಎಳೆಯುವ ಶಕ್ತಿಯಲ್ಲಿ ಕಡಿಮೆ, ಒಬ್ಬರೇ ಇದ್ದರೆ ಕಷ್ಟ. ಆದರೂ ಕತ್ತಲಲ್ಲಿ ಅದೇ ಆಸರೆ. ಕಾರವಾರ, ಕುಮಟಾದ ಪೇಟೆಯಲ್ಲಿರುವವರು ಇನ್ವರ್ಟರ್ ಇದ್ದರೆ ಮಾಮೂಲಿ ಮಷಿನ್ನನ್ನೇ ಬಾಡಿಗೆಗೆ ತರಬಹುದು. ಕೊಳ್ಳುವ ಮೊದಲು ಬಾಡಿಗೆ ವಿಚಾರಿಸಿ.

ನಳಿಗೆಯನ್ನು ಕಣ್ಣಿಗೆ ಕಾಣುವಷ್ಟು ದೂರ ಮಾತ್ರ ಹಾಕಿ. ಕೆನ್ನೆಯ ಬದಿಯಿಂದ ಒಳಗೆ ಬಿಡಿ. ಒಂದು ಸಲಕ್ಕೆ ಹತ್ತು ಸೆಕೆಂಡಿನ ಆಚೆ ಎಳೆಯಬೇಡಿ. ಬಾಯಿಗೆ ಹಾಕಿದ ನಳಿಗೆಯನ್ನು ಟ್ರೇಕಿಯಾಸ್ಟಮಿಗೆ ಎಂದೂ ಹಾಕಬಾರದು, ಅದಕ್ಕೆ ಬೇರೆಯದೇ ಬೇಕು.

ಸಕ್ಷನ್ ಕೊಳ್ಳಲು ಆಗದವರು ಎದೆಗುಂದಬೇಡಿ. ಮಗ್ಗುಲಿಗೆ ಮಲಗಿಸಿ, ಹಿಂಡಿದ ಬ್ರಶ್ ಮತ್ತು ಹಿಂಡಿದ ಗಾಜ್ ಬಟ್ಟೆಯಿಂದ ಬಾಯಿ ಚೊಕ್ಕ ಮಾಡಬಹುದು. ಸಿರಿಂಜಿನಲ್ಲಿ ನೀರು ಬಿಟ್ಟು ತೊಳೆಯುವುದನ್ನು ಮಾತ್ರ ಸಕ್ಷನ್ ಇಲ್ಲದ ಮನೆಯಲ್ಲಿ ಮಾಡಬಾರದು.

ಬಾಯಿ ತೆರೆಯದಿದ್ದರೆ

ನಮ್ಮದು ಅಡಿಕೆಯ ಊರು. ಕವಳ (ಎಲೆಯಡಿಕೆ) ಹಾಕದ ಹಿರಿಯರು ಅಪರೂಪ, ಗುಟ್ಕಾ ತಿನ್ನುವ ಕಿರಿಯರೂ ಕಡಿಮೆ ಇಲ್ಲ. ವರ್ಷಗಟ್ಟಲೆ ಅಡಿಕೆ ಜಗಿದವರಲ್ಲಿ ಕೆಲವರಿಗೆ ಕೆನ್ನೆಯ ಒಳಚರ್ಮ ಬಿಳಿಚಿ, ಬಿರುಸಾಗಿ, ಬಾಯಿ ಪೂರ್ತಿ ತೆರೆಯದಂತಾಗುತ್ತದೆ. ಸಾಮಾನ್ಯವಾಗಿ ಒಬ್ಬರ ಬಾಯಿಗೆ ಅವರದೇ ಮೂರು ಬೆರಳು ಹಿಡಿಸಬೇಕು. ಇವರಲ್ಲಿ ಕೆಲವರಿಗೆ ಒಂದೂ ಹಿಡಿಸುವುದಿಲ್ಲ. ಲಕ್ವದಿಂದ ದವಡೆ ಬಿಗಿದಿದೆ ಎಂದುಕೊಂಡು ಚಮಚದ ಹಿಡಿ ಹಾಕಿ ಮೀಟಿದರೆ ಒಳಚರ್ಮ ಹರಿಯುತ್ತದೆ, ಅಲ್ಲಾಡುವ ಹಲ್ಲು ಕಿತ್ತು ಗಂಟಲಿಗೆ ಬೀಳುತ್ತದೆ. ರೋಗಿ ಮೊದಲು ಎಷ್ಟು ಬಾಯಿ ತೆರೆಯುತ್ತಿದ್ದರು ಎಂದು ಮನೆಯವರೇ ಡಾಕ್ಟರಿಗೆ ಹೇಳಬೇಕು.

ದವಡೆ ಬಿಗಿದಿದ್ದರೆ ಕಿವಿಯ ಮುಂದಿನ ಕೀಲನ್ನು ಮೆಲ್ಲಗೆ ತಿಕ್ಕಿ, ಸ್ವಲ್ಪ ಕಾಯಿರಿ. ಅಷ್ಟಕ್ಕೂ ತೆರೆಯದಿದ್ದರೆ ಕೆನ್ನೆಯನ್ನು ಸರಿಸಿ ಹಲ್ಲಿನ ಹೊರಮೈ ಉಜ್ಜಿ. ಅಲ್ಲೂ ಬೇಕಷ್ಟು ಕೊಳೆ ಇರುತ್ತದೆ. ಮೌತ್ ಪ್ರಾಪ್ ಎನ್ನುವ ರಬ್ಬರ್ ತುಂಡು ಇದೆ, ಬಾಯಿ ತೆರೆದಾಗ ದವಡೆ ಹಲ್ಲುಗಳ ನಡುವೆ ಇಡುವಂಥದ್ದು. ದಾರ ಕಟ್ಟಿ ಬಳಸುವುದನ್ನು ಕಲಿತವರು ಮಾತ್ರ ಅದನ್ನು ಇಡಲಿ. ಕಟ್ಟಿದ ಹಲ್ಲಿನ ಸೆಟ್ ಇದ್ದರೆ ಮೊದಲ ದಿನವೇ ತೆಗೆದು ತೊಳೆದು ತಣ್ಣೀರಿನ ಡಬ್ಬಿಯಲ್ಲಿಡಿ.

ಮಾಡುವಾಗ ಮಾತಾಡುತ್ತಾ ಇರಿ. "ಅಜ್ಜಾ, ಈಗ ಬ್ರಶ್ ಮಾಡ್ತೇನೆ ಹಾಂ, ಎಡಗಡೆ ಮೊದಲು." ಕಣ್ಣು ತೆರೆಯದವರಿಗೂ ಕೇಳಿಸುತ್ತಿರಬಹುದು. ಎಷ್ಟೋ ಸಲ ಹೇಳಿ ಮಾಡಿದಾಗ ದವಡೆ ಸಡಿಲವಾಗಿದ್ದನ್ನು ನಾನು ಕಂಡಿದ್ದೇನೆ.

ತುಟಿಗೆ ಎಣ್ಣೆಯೋ, ಮುರುಗಲ ತುಪ್ಪವೋ, ಜೆಲ್ಲಿಯೋ

ತುಟಿಯ ಹೊರಗೆ ತೆಳ್ಳಗೆ ಸವರುವುದಾದರೆ ಕೊಬ್ಬರಿ ಎಣ್ಣೆ, ಮುರುಗಲ ತುಪ್ಪ (ಕೋಕಂ ಬೀಜದ ಗಟ್ಟಿ ಎಣ್ಣೆ) ಎರಡೂ ನಡೆಯುತ್ತವೆ. ನನಗೆ ಮುರುಗಲ ತುಪ್ಪ ಇಷ್ಟ. ಗಟ್ಟಿ ಇರುವುದರಿಂದ ಹರಿದು ಬಾಯೊಳಗೆ ಹೋಗುವುದಿಲ್ಲ. ಬಾಯೊಳಗೆ ಮಾತ್ರ ಯಾವ ಎಣ್ಣೆಯೂ ಬೇಡ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅಲ್ಲೇ ಉಳಿದು ಬೇರೆ ಥರದ ನ್ಯುಮೋನಿಯಾ ತರುತ್ತದೆ. ಪ್ರಜ್ಞೆ ತಪ್ಪಿದವರಿಗೆ ಎಣ್ಣೆ ಮುಕ್ಕಳಿಸುವ ಚಿಕಿತ್ಸೆ ಮಾಡಿಸಲು ಹೋಗಬೇಡಿ. ಆಕ್ಸಿಜನ್ ಹಾಕಿದ್ದರೆ ಎಣ್ಣೆ, ವ್ಯಾಸಲಿನ್ ಎರಡೂ ಬಿಟ್ಟು ನೀರಿನಿಂದ ಮಾಡಿದ ಜೆಲ್ಲಿ ಬಳಸಿ. ಆಕ್ಸಿಜನ್ ಹತ್ತಿರ ಜಿಡ್ಡು ಇದ್ದರೆ ಬೆಂಕಿಯ ಭಯ.

ತೀರ್ಥ ಮತ್ತು ಗಂಜಿತಿಳಿ

"ಒಂದೇ ಚಮಚ ತೀರ್ಥ ಸಿಸ್ಟರ್, ದೇವರ ಮೇಲೆ ಭಾರ" ಎಂದು ಮನೆಯ ಹಿರಿಯರು ಕೇಳಿದಾಗ ಬೇಡ ಎನ್ನುವುದು ಸುಲಭವಲ್ಲ. ಆದರೂ ಹೇಳಲೇಬೇಕು. ಪ್ರಜ್ಞೆ ಇಲ್ಲದವರಿಗೆ ಒಂದು ಚಮಚ ತುಂಬಾ ಜಾಸ್ತಿ. ಗಂಜಿತಿಳಿ, ಎಳನೀರು, ತುಳಸಿ ಎಲೆ ಯಾವುದೂ ಬಾಯಿಗೆ ಹಾಕಬಾರದು. ನಾನು ಮನೆಯವರಿಗೆ ಬೇರೆ ದಾರಿ ತೋರಿಸುತ್ತೇನೆ: ಸ್ವಚ್ಛ ಗಾಜ್ ಬಟ್ಟೆಯನ್ನು ತೀರ್ಥದಲ್ಲಿ ಅದ್ದಿ, ಪೂರ್ತಿ ಹಿಂಡಿ, ತುಟಿಗೆ ಒತ್ತಿ. ತುಳಸಿಯನ್ನು ದಿಂಬಿನ ಬಳಿ ಇಡಿ. ಇದಕ್ಕೆ ಒಪ್ಪದವರು ನನಗೆ ಸಿಕ್ಕಿದ್ದು ತೀರಾ ಕಡಿಮೆ. ಇನ್ನು ಬದುಕುವುದಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದವರಿಗೆ ಉಜ್ಜುವುದಕ್ಕಿಂತ ಬಾಯಿ ಒದ್ದೆ ಇರುವುದೇ ಮುಖ್ಯ. ಗಂಟೆಗೊಮ್ಮೆ ಬೇಕಾದರೂ ಹೀಗೆ ತೇವ ಮಾಡಬಹುದು. ಉಳಿದವರಿಗೆ ಎರಡರಿಂದ ನಾಲ್ಕು ಗಂಟೆಗೊಮ್ಮೆ ಸಾಕು, ಬಾಯಲ್ಲೇ ಉಸಿರಾಡುವವರಿಗೆ ಇನ್ನೂ ಬೇಗ.

ಯಾವಾಗ ನಿಲ್ಲಿಸಬೇಕು, ಯಾವಾಗ ಫೋನ್ ಮಾಡಬೇಕು

ಶುಚಿ ಮಾಡುವಾಗ ಮುಖ, ತುಟಿ ನೀಲಿಯಾದರೆ, ಉಸಿರು ಗೊರಗೊರ ಎಂದರೆ, ಬೆರಳಿನ ಆಕ್ಸಿಮೀಟರ್ ಸಂಖ್ಯೆ ಇಳಿಯುತ್ತಾ ಹೋದರೆ ತಕ್ಷಣ ಕೈ ತೆಗೆಯಿರಿ. ಮಗ್ಗುಲಿಗೆ ಹೊರಳಿಸಿ, ಸಕ್ಷನ್ ಇದ್ದರೆ ಎಳೆಯಿರಿ, ಸರಿಹೋಗದಿದ್ದರೆ 108ಕ್ಕೆ ಮಾಡಿ. ಮಳೆಯಲ್ಲಿ ದೇವಿಮನೆ ಘಟ್ಟ ದಾಟಬೇಕಾದ ಊರಿನವರು ಹತ್ತಿರದ ಆಸ್ಪತ್ರೆ ಯಾವುದು, ರಾತ್ರಿ ಗಾಡಿ ಯಾರದ್ದು ಎಂದು ಮೊದಲೇ ಗೊತ್ತು ಮಾಡಿಕೊಂಡಿರಬೇಕು.

ಮರುದಿನವೋ ಮೂರನೇ ದಿನವೋ ಜ್ವರ, ವೇಗದ ಉಸಿರು, ಹಳದಿ ಕಫ ಕಂಡರೆ ಅವತ್ತೇ ಡಾಕ್ಟರಿಗೆ ತಿಳಿಸಿ. ವಯಸ್ಸಾದವರಿಗೆ ನ್ಯುಮೋನಿಯಾ ಆದರೂ ಜ್ವರ ಬಾರದೇ ಇರಬಹುದು, ಉಸಿರಾಟದ ವೇಗ ನೋಡಿ. ನಾಲಿಗೆ, ಕೆನ್ನೆಯ ಮೇಲೆ ಮೊಸರಿನಂಥ ಬಿಳಿ ಪದರ ಇದ್ದು ಒರೆಸಿದಾಗ ಅಡಿಯಲ್ಲಿ ಕೆಂಪಾಗಿ ರಕ್ತ ಜಿನುಗಿದರೆ ಅದು ಫಂಗಸ್ ಇರಬಹುದು. ಉಜ್ಜಿ ತೆಗೆಯಲು ಹೋಗದೆ ಟಾರ್ಚ್ ಬೆಳಕಿನಲ್ಲಿ ಫೋಟೋ ತೆಗೆದು ಡಾಕ್ಟರಿಗೆ ಕಳಿಸಿ. ಅದಕ್ಕೆ ಔಷಧ ಇದೆ.